ಖಾದರ್ ಬಾಷಾ ಹಂಪಿಗೆ ಹೋಗಿ ಬಂದದ್ದು

ಗಂಗಾನಗರದ ನಮ್ಮ ಬೀದಿಯಲ್ಲಿ ಖಾದರ್ ಬಾಷಾ ಅವರಷ್ಟು ಹಟಮಾರಿ ಇನ್ನೊಬ್ಬರಿಲ್ಲ. ಈ ಮಾತನ್ನು ಅವರ ಮುಖಕ್ಕೇ ಹೇಳಿದ್ದೇನೆ, ಆದ್ದರಿಂದ ಬರೆಯಲು ಸಂಕೋಚವಿಲ್ಲ. ಅವರದು ಬೈಕ್ ಗ್ಯಾರೇಜು, ಪಕ್ಕದಲ್ಲೇ ನನ್ನದು ಟೈಲರಿಂಗ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಅವರ ಬಂಡಿಗಳ ಹೊಗೆ ನಾನು ಕುಡಿದಿದ್ದೇನೆ, ನನ್ನ ಮಿಷನ್ನಿನ ಸದ್ದು ಅವರು ಸಹಿಸಿದ್ದಾರೆ. ಇಷ್ಟು ವರ್ಷದಲ್ಲಿ ಅವರು ಯಾರ ಹತ್ತಿರವೂ ಒಂದು ಸಹಾಯ ಕೇಳಿದ್ದನ್ನು ನಾನು ಕಾಣೆ. ಬಿದ್ದ ನಟ್ಟು ಕೈಗೆ ಸಿಗದಿದ್ದರೆ ನೆಲಕ್ಕೆ ಮಲಗಿ ಹುಡುಕುತ್ತಾರೆಯೇ ಹೊರತು "ಸ್ವಲ್ಪ ಎತ್ತಿಕೊಡಿ" ಎನ್ನುವುದಿಲ್ಲ.

ಅರವತ್ತೊಂದು ತುಂಬಿತು, ಕೆಮ್ಮು ಶುರುವಾಯಿತು. ಅವರ ಹೆಂಡತಿ ನಸೀಮಾ, "ಸಾಕು, ಅಂಗಡಿ ಮುಚ್ಚಿ. ಬಾಗಲಗುಂಟೇಲಿ ಮಗಳ ಮನೆ ಹತ್ರ ಇರೋಣ" ಎಂದು ದಿನಾ ಹೇಳತೊಡಗಿದರು. ನನ್ನ ಮುಂದೆಯೇ ಹೇಳುತ್ತಿದ್ದರು, ನಾನೂ ಹೌದೆಂದು ತಲೆಯಾಡಿಸುತ್ತಿದ್ದೆ. ಒಂದು ದಿನ ಭಾಯ್‌ಗೆ ರೇಗಿಹೋಯಿತು.

"ಹಂಪಿಗೆ ಹೋಗ್ಬರ್ತೀನಿ. ಟಾರ್ ರೋಡಲ್ಲಲ್ಲ, ಮಣ್ಣು ದಾರೀಲಿ, ಒಬ್ಬನೇ. ಗಾಡಿ ಓಡಿಸ್ಕೊಂಡು ಈ ಶಟರ್ ಮುಂದೆ ಬಂದು ನಿಂತ್ರೆ ಅಂಗಡಿ ಇರುತ್ತೆ. ತಳ್ಕೊಂಡು ಬಂದ್ರೆ, ಲಾರಿ ಮೇಲೆ ಬಂದ್ರೆ, ಅವತ್ತೇ ಬೀಗ."

"ಆಯ್ತು" ಎಂದರು ನಸೀಮಾ. ಅವರೂ ಕಡಿಮೆಯವರಲ್ಲ.

ಅಲ್ಲ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ? ಯಾರು ಕೇಳುತ್ತಾರೆ ನನ್ನ ಮಾತು! ಕೆರೆ ಏರಿ, ಕಾಲುವೆ ಪಕ್ಕದ ದಾರಿ, ಹೊಲಗಳ ನಡುವಿನ ಬಂಡಿಜಾಡು ಹಿಡಿದು ಮೂರು ದಿನಕ್ಕೆ ಹಂಪಿ ಮುಟ್ಟಿದರು. ವಾಪಸು ಬರುವಾಗ, ಆರನೆಯ ದಿನ ಬೆಳಿಗ್ಗೆ, ಗುಡಿಬಂಡೆ ಹತ್ತಿರದ ಒಂದು ಹಳ್ಳದಲ್ಲಿ ಕಲ್ಲಿಗೆ ಚಕ್ರ ಜಾರಿ ಬೈಕು ಅವರ ಬಲಗಾಲಿನ ಮೇಲೆ ಬಿತ್ತು. ಮೂಳೆ ಬಿರುಕು ಬಿಟ್ಟಿತ್ತೆಂದು ಆಮೇಲೆ ಗೊತ್ತಾಯಿತು.

ಬೈಕಿಗೇನೂ ಆಗಿರಲಿಲ್ಲ. ಆದರೆ ಆ ಹಳೆಯ ಬಂಡಿಗೆ ಸ್ವಿಚ್ ಇಲ್ಲ. ಕಿಕ್ ಹೊಡೆದೇ ಶುರು ಮಾಡಬೇಕು, ಅದೂ ಬಲಗಾಲಿನಲ್ಲಿ. ಒಮ್ಮೆ ಶುರುವಾದರೆ ಹಲ್ಲು ಕಚ್ಚಿಕೊಂಡು ಓಡಿಸಬಹುದು. ನಿಂತುಹೋದರೆ ಇನ್ನೊಬ್ಬರ ಕಾಲು ಬೇಕು, ಎಂದರೆ ಬಾಯಿಬಿಟ್ಟು ಕೇಳಬೇಕು. ನಮ್ಮ ಭಾಯ್ ಅರ್ಧ ಗಂಟೆ ಬಂಡೆಯ ಮೇಲೆ ಸುಮ್ಮನೆ ಕೂತಿದ್ದರಂತೆ. ಕೊನೆಗೆ ಕುರಿ ಮೇಯಿಸುತ್ತಿದ್ದ ಮುನಿಕೆಂಪಮ್ಮ ಎಂಬಾಕೆಯೇ ಹತ್ತಿರ ಬಂದಳು.

"ಏನಣ್ಣಾ, ಗಾಡಿ ಕೆಟ್ಟೋಯ್ತಾ?"

"ಗಾಡಿ ಚೆನ್ನಾಗೈತಮ್ಮ. ನಾನೇ ಕೆಟ್ಟೋಗಿದೀನಿ. ಒಂದು ಕಿಕ್ ಹೊಡ್ಕೊಡ್ತೀಯಾ?"

ಆಕೆ ತನ್ನ ಟವೆಲಿನಿಂದ ಅವರ ಕಾಲು ಬಿಗಿದು ಕಟ್ಟಿ, ಸೀರೆ ಎತ್ತಿ ಸಿಕ್ಕಿಸಿ, "ಇಂಗಾ? ಇಂಗಾ?" ಎಂದು ನಗುತ್ತಾ ಏಳು ಸಲ ಒದ್ದಳು. ಏಳನೆಯದಕ್ಕೆ ಬಂಡಿ ಶುರುವಾಯಿತು.

ದಾರಿಯುದ್ದಕ್ಕೂ ಅದೇ ಕತೆ. ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡಲೇಬೇಕು, ಒಬ್ಬ ಪೋಸ್ಟ್‌ಮ್ಯಾನ್ ಒದ್ದುಕೊಟ್ಟ. ಎಮ್ಮೆಗಳು ಅಡ್ಡ ಬಂದು ನಿಂತಾಗ ಎಮ್ಮೆಯವನೇ ಒದ್ದ. ರೈಲ್ವೆ ಗೇಟಿನಲ್ಲಿ ಮದುವೆ ಮನೆಗೆ ಹೊರಟಿದ್ದ ವಾಲಗದವನು, ಹೆಗಲ ಮೇಲಿನ ಡೋಲು ಇಳಿಸದೆಯೇ. ಯಾರ ಹೆಸರನ್ನೂ ಭಾಯ್ ಮರೆತಿಲ್ಲ. "ಕೇಳೋದು ಇಷ್ಟು ಸುಲಭ ಅಂತ ನಂಗೆ ಗೊತ್ತೇ ಇರ್ಲಿಲ್ಲ ವೇದಮ್ಮ" ಎಂದು ಆಮೇಲೆ ನನಗೆ ಹೇಳಿದರು. ಹೇಳುವಾಗ ಅವರ ಕಣ್ಣು ತುಂಬಿತ್ತು, ನನ್ನದೂ.

ಅದೇ ದಿನ ಸಂಜೆ ನಾಲ್ಕರ ಹೊತ್ತಿಗೆ ನಮ್ಮ ಬೀದಿಯಲ್ಲಿ ಬೈಕಿನ ಸದ್ದು ಕೇಳಿತು. ಗ್ಯಾರೇಜಿನ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಿದ್ದ ನಸೀಮಾ ಎದ್ದು ನಿಂತರು. ಪೈಪು ಹಾಕಲೆಂದು ನಮ್ಮ ಬೀದಿಯನ್ನು ಅಗೆದು ತಿಂಗಳಾಗಿತ್ತು, ಹಂಪಿ ದಾರಿಯೇ ಇದಕ್ಕಿಂತ ವಾಸಿ. ಆ ಮಣ್ಣುಗುಡ್ಡೆಗೆ ಮುಂದಿನ ಚಕ್ರ ಹೂತು, ಇಂಜಿನ್ ನಿಂತುಹೋಯಿತು. ಶಟರಿಗೆ ಇನ್ನು ಐವತ್ತು ಹೆಜ್ಜೆ.

ಭಾಯ್ ಮುಖ ಬಿಳುಚಿಕೊಂಡಿತ್ತು, ಬಲಗಾಲು ಗಾಳಿಯಲ್ಲೇ ತೂಗುತ್ತಿತ್ತು. ನಾನು ಓಡಿಹೋಗಿ ಬಂಡಿಯ ಹಿಂದೆ ಕೈಯಿಟ್ಟೆ.

"ತಳ್ಳಬೇಡ ವೇದಾ" ಎಂದರು ನಸೀಮಾ.

ನನಗೆ ಮೈಯೆಲ್ಲ ಉರಿಯಿತು. ಗಂಡ ಆ ಸ್ಥಿತಿಯಲ್ಲಿರುವಾಗ ಈಕೆಗೆ ಪಂದ್ಯವೇ ಹೆಚ್ಚಾಯಿತೇ? ಬಾಯಿಗೆ ಬಂದಿದ್ದನ್ನು ಅಂದೇಬಿಡುತ್ತಿದ್ದೆ.

ಅಷ್ಟರಲ್ಲಿ ನಸೀಮಾ ಹತ್ತಿರ ಬಂದರು. ಆ ಕಾಲನ್ನು ನೋಡಿ "ಯಾ ಅಲ್ಲಾ" ಎಂದು ಅತ್ತರು, ತಮ್ಮ ಉರ್ದುವಿನಲ್ಲಿ ಗಂಡನನ್ನು ಚೆನ್ನಾಗಿ ಬೈದರು. ಭಾಯ್ ತಲೆ ತಗ್ಗಿಸಿ, ಮೆಲ್ಲಗೆ, "ಒಂದು ಕಿಕ್ ಹೊಡೀತೀಯಾ?" ಎಂದರು. ಮೂವತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿಯನ್ನು ಹೀಗೆ ಕೇಳಿದ್ದು ಅದೇ ಮೊದಲಂತೆ.

ನಸೀಮಾ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಗಂಡನ ಹೆಗಲು ಹಿಡಿದು ಒದ್ದರು. ಆಗಲಿಲ್ಲ. ಚಪ್ಪಲಿ ಬಿಟ್ಟು ಮತ್ತೆ ಒದ್ದರು. ನಾಲ್ಕನೆಯ ಸಲಕ್ಕೆ ಬಂಡಿ ಹೊಗೆ ಉಗುಳಿ ಎದ್ದಿತು. ಭಾಯ್ ಗೇರು ಹಾಕಿ ಮಣ್ಣಿನಿಂದ ಮೇಲೆ ಬಂದು ಮೆಲ್ಲಗೆ ಓಡಿಸಿದರು. ನಸೀಮಾ ಗಂಡನ ಬೆನ್ನಿಗೆ ಒಂದು ಕೈ ಆನಿಸಿ, ಬರಿಗಾಲಲ್ಲಿ, ಶಟರಿನವರೆಗೆ ಜೊತೆಗೇ ನಡೆದುಬಂದರು.

ಆಸ್ಪತ್ರೆಗೆ ಹೋಗಲು ಆಟೋ ಬರುವಷ್ಟರಲ್ಲಿ ನಾನು ತಡೆಯಲಾರದೆ ಕೇಳಿದೆ: "ಅಂಗಡಿ ಮುಚ್ಚಬೇಕು ಅಂತ ನೀವೇ ಅಲ್ವಾ ಅಂತಿದ್ದಿದ್ದು? ನಾನು ತಳ್ಳೋಕೆ ಬಂದಾಗ ಸುಮ್ನಿದ್ದಿದ್ರೆ ನೀವೇ ಗೆಲ್ತಿದ್ರಿ."

"ಈಗ್ಲೂ ಮುಚ್ಚಬೇಕು ಅಂತಾನೇ ಐತೆ" ಎಂದರು ನಸೀಮಾ, ಪಾದದ ಮಣ್ಣು ಒರೆಸಿಕೊಳ್ಳುತ್ತಾ. "ಆದ್ರೆ ಇವ್ರು ಸೋತು ಬೀಗ ಹಾಕೋದನ್ನ ನಾನು ಹೆಂಗೆ ನೋಡ್ಲಿ, ವೇದಾ?"