ಚಾಚಾನ ಕನ್ನಡಕ

ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಹುಮನಾಬಾದಿನ ದವಾಖಾನೆಗೆ ಹೊಸ ಡಾಕ್ಟರಾಗಿ ಬಂದಾಗ ಅದನ್ನು ನಗುತ್ತಾ ಸಹಿಸಿಕೊಂಡವರು ಅಲ್ಲಿನ ವಯಸ್ಸಾದ ಕಂಪೌಂಡರ್ ಒಬ್ಬರೇ. ಊರಿಗೆಲ್ಲ ಅವರು ಚಾಚಾ, ನನಗೂ.

ಆಗ ಔಷಧಿ ಸೀಸೆಗೆ ಕಾಗದದ ಪಟ್ಟಿ ಅಂಟಿಸುತ್ತಿದ್ದೆವು. ಅದರ ಅಂಚಿಗೆ ಕತ್ತರಿಯಿಂದ ಹಾಕಿದ ಒಂದೊಂದು ಕಚ್ಚೂ ಒಂದೊಂದು ಹೊತ್ತಿನ ಅಳತೆ. ಓದು ಬಾರದವರಿಗೂ ತಿಳಿಯುತ್ತಿತ್ತು.

ಒಂದು ದಿನ ದುಬಲಗುಂಡಿಯ ಹೆಣ್ಣುಮಗಳೊಬ್ಬಳು ಖಾಲಿ ಸೀಸೆ ಹಿಡಿದು ಬಂದಳು. ಎರಡು ದಿನದ ಕೆಮ್ಮಿನ ಔಷಧಿ ಒಂದೇ ದಿನಕ್ಕೆ ಮುಗಿದು, ಅವಳ ಮಾವ ಎಬ್ಬಿಸಿದರೂ ಏಳದೆ ಮಲಗಿದ್ದನಂತೆ. ಚಾಚಾ ಕತ್ತರಿಸಿದ್ದ ಪಟ್ಟಿಯಲ್ಲಿ ಆರು ಕಚ್ಚು ಇರಬೇಕಾದಲ್ಲಿ ಮೂರೇ ಇದ್ದವು. ಮುದುಕ ಬದುಕಿದ, ನಮ್ಮ ಪುಣ್ಯ. ನಾನು ಎಲ್ಲರೆದುರೇ ಚಾಚಾನ ಮೇಲೆ ಹರಿಹಾಯ್ದೆ.

"ಕಣ್ಣು ಕಾಣಂಗಿಲ್ಲಂದ್ರ ಹೇಳಬಾರದೇನ್ರಿ? ಕಲ್ಯಾಣಿಗೆ ಹೋಗಿ ಕನ್ನಡಕ ತಗೊಂಡು ಬರ್ರಿ."

ಬಸವಕಲ್ಯಾಣವನ್ನು ಆಗ ಹಾಗೇ ಕರೆಯುತ್ತಿದ್ದೆವು. ಚಾಚಾ ಹೋಗಿ ಕನ್ನಡಕ ತಂದರು. ಆಮೇಲೆ ತಪ್ಪಾಗಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ತಿಂಗಳ ನಂತರ ಒಬ್ಬ ರೋಗಿಗೆ ಎಂಟು ಹೊತ್ತಿನ ಔಷಧಿ ಬರೆದೆ. ಚಾಚಾ ಜೇಬಿಗೆ ಕೈ ಹಾಕಿದರು. ಮೊದಲೇ ಕತ್ತರಿಸಿಟ್ಟ ಪಟ್ಟಿಗಳ ಕಟ್ಟು ಹೊರಬಂತು, ಎಲ್ಲಕ್ಕೂ ಆರಾರೇ ಕಚ್ಚು. ಹೊಸ ಪಟ್ಟಿ ಕತ್ತರಿಸಲು ಕುಳಿತರು. ಯಾರೋ ಸಲಾಂ ಅಂದರು, ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದರು, ಮತ್ತೆ ತಪ್ಪಿತು. ಕೈ ಮಾತ್ರ ನಡುಗಲಿಲ್ಲ, ಕಚ್ಚುಗಳು ನೀಟಾಗಿಯೇ ಇದ್ದವು.

"ಚಾಚಾ, ಈ ಕಟ್ಟು ಯಾರು ಕತ್ತರಿಸಿದ್ದು?"

"ಮನ್ಯಾಗ ಆಕಿ ಕತ್ತರಿಸಿ ಕೊಡಾಕತ್ತಾಳ್ರಿ, ದುಬಲಗುಂಡಿ ಸೀಸೆ ಆದಾಗಿಂದ. ಕಣ್ಣಿಗೇನೂ ಆಗಿಲ್ರಿ ಸಾಬ್. ನೀವು ಕಣ್ಣು ಅಂದ್ರಿ. ಕಣ್ಣು ಅಂದ್ರ ನೌಕರಿ ಉಳೀತದ ಅಂತ ನಾನೂ ಹೂಂ ಅಂದೆ."

ನನಗೆ ಬಹಳ ನಾಚಿಕೆಯಾಯಿತು. ಪರೀಕ್ಷೆಯನ್ನೇ ಮಾಡದೆ ಬೈದು ಕಳಿಸಿದ್ದೆ. ಜನ ಅರಳುಮರಳು ಎಂದು ನಗುವ ಆ ಕಾಯಿಲೆ ಹೀಗೆ, ಹೆಂಡತಿಗೆ ಮಾತ್ರ ಗೊತ್ತಿರುವಂತೆ ಶುರುವಾಗುತ್ತದೆಂದು ನಾನು ಓದಿದ ಪುಸ್ತಕಗಳಲ್ಲಿರಲಿಲ್ಲ. ಅಂದಿನಿಂದ ವಯಸ್ಸಾದ ಯಾರೇ ಬಂದರೂ ಮನೆಯವರನ್ನು ಬೇರೆಯಾಗಿ ಕೇಳುವುದು ನನಗೆ ರೂಢಿಯಾಯಿತು.

ಚಾಚಾನನ್ನು ರೋಗಿಗಳ ಸ್ಟೂಲಿನ ಮೇಲೆ ಕೂರಿಸಿ, ಚಾಚಿಯನ್ನೂ ಕರೆಸಿ, ಸಮಾಧಾನದಿಂದ ಎಲ್ಲ ಕೇಳಿದೆ. ಇನ್ನು ಔಷಧಿ ಬೆರೆಸುವುದು ಬೇಡ, ನನ್ನ ಪಕ್ಕದಲ್ಲಿದ್ದು ಗಾಯ ತೊಳೆದು ಬಟ್ಟೆ ಕಟ್ಟಿದರೆ ಸಾಕು, ನೌಕರಿಗೆ ನಾನಿದ್ದೇನೆ ಎಂದೆ. ಅವರು ಕನ್ನಡಕ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಹಂಗಾದ್ರ ಇದು ಬ್ಯಾಡಲ್ರಿ ಸಾಬ್? ಇದನ್ನ ಹಾಕ್ಕೊಂಡ್ರ ನಿಮ್ಮ ಮಾರೀನೂ ಛಂದಾಗಿ ಕಾಣಂಗಿಲ್ರಿ."