ರತ್ನಮ್ಮ ಬದಲಾಯಿಸದೆ ಇಟ್ಟಿದ್ದ ಮಾರಿಷಸ್ ನೋಟುಗಳು

ಬಳ್ಳಾರಿಯ ಹಣ ವಿನಿಮಯದ ಅಂಗಡಿಯಲ್ಲಿ ಡಾಲರ್ ಇತ್ತು, ದಿರ್ಹಮ್ ಇತ್ತು, ರಿಯಾಲ್ ಕೂಡ ಇತ್ತು. ನನಗೆ ಬೇಕಾಗಿದ್ದ ಮಾರಿಷಸ್ ರೂಪಾಯಿ ಮಾತ್ರ ಇರಲಿಲ್ಲ.

ಬೆಂಗಳೂರಿಗೆ ಫೋನ್ ಮಾಡಿ ವಿಚಾರಿಸಿದೆ. ಸಿಗುತ್ತದೆ ಎಂದರು, ಆದರೆ ಅವರು ಹೇಳಿದ ದರಕ್ಕೂ ಪತ್ರಿಕೆಯಲ್ಲಿದ್ದ ದರಕ್ಕೂ ಬಹಳ ಅಂತರ. ವಿಮಾನ ನಿಲ್ದಾಣದಲ್ಲಿ ಅದಕ್ಕಿಂತಲೂ ದುಬಾರಿಯೆಂದು ಹೋಗಿಬಂದವರು ಎಚ್ಚರಿಸಿದ್ದರು.

ನನ್ನ ತಂಗಿ ಸಾವಿತ್ರಿ ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗೆ ಹೊಲಿಗೆ ಕೆಲಸಕ್ಕೆಂದು ಹೋದವಳು, ಮದುವೆಯಾಗಿ ಅಲ್ಲಿಯೇ ನೆಲೆಸಿದಳು. ಅವಳು ಹೋಗಿ ಹದಿನಾಲ್ಕು ವರ್ಷಗಳಾದ ಮೇಲೆ ನಾನು ಮೊದಲ ಬಾರಿಗೆ ಅವಳ ಮನೆಗೆ ಹೊರಟಿದ್ದೆ.

ಬಾಗಿಲಲ್ಲಿ ಇಳಿದು, ಟ್ಯಾಕ್ಸಿಯ ಬಾಡಿಗೆಗೆ ಅವಳ ಮುಂದೆಯೇ ಕೈಚಾಚುವುದಕ್ಕೆ ನನಗೆ ಮನಸ್ಸು ಬರಲಿಲ್ಲ...

ಆಗ ನೆನಪಾದವಳು ರತ್ನಮ್ಮ. ರಾಯದುರ್ಗದಲ್ಲಿ ನಾನು ಮೇಷ್ಟ್ರಾಗಿದ್ದಾಗ ನನ್ನ ವಿದ್ಯಾರ್ಥಿನಿ. ಸಾವಿತ್ರಿಯ ಜೊತೆಯಲ್ಲಿಯೇ ಮಾರಿಷಸ್‌ಗೆ ಹೋಗಿ, ಅತ್ತೆ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು ಬಂದವಳು. ಈಗ ಮನೆಯಲ್ಲಿ ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಾಳೆ.

ಅವಳ ಮನೆಗೆ ಹೋಗಿ ವಿಷಯ ತಿಳಿಸಿದೆ. ಆಕೆ ಮಷಿನ್ ನಿಲ್ಲಿಸಿ, ಒಳಗಿನಿಂದ ಅವಧಿ ಮುಗಿದ ತನ್ನ ಪಾಸ್‌ಪೋರ್ಟ್ ತಂದಳು. ಅದರೊಳಗೆ ಐದುನೂರರ ಮೂರು ನೋಟುಗಳು, ನೂರರದೊಂದು.

ಅಂಗಡಿಯವರು ಕೊಳ್ಳುವ ದರ ಒಂದು, ಮಾರುವ ದರ ಇನ್ನೊಂದು. ಎರಡರ ನಡುವಿನ ದರಕ್ಕೆ ಕೊಟ್ಟರೆ ಇಬ್ಬರಿಗೂ ಲಾಭವೆಂದು ಕಾಗದದ ಮೇಲೆ ಬರೆದೇ ತೋರಿಸಿದೆ.

ಆಕೆ ನಕ್ಕಳು. "ಲಾಭ-ನಷ್ಟದ ಲೆಕ್ಕ ಬರಲಿಲ್ಲ ಅಂತ ನನ್ನ ಬೆಂಚಿನ ಮ್ಯಾಲೆ ನಿಲ್ಲಿಸಿದ್ರಿ ಸರ್. ಇವತ್ತು ಅದೇ ಲೆಕ್ಕ ಹಿಡಕೊಂಡು ನಮ್ಮನಿಗೇ ಬಂದೀರಿ."

ಇಷ್ಟು ವರ್ಷ ಇವನ್ನು ಏಕೆ ಬದಲಾಯಿಸಲಿಲ್ಲವೆಂದು ಕೇಳಿದೆ.

"ಬರಾಗ ಏರ್‌ಪೋರ್ಟ್‌ನಾಗ ಎಲ್ಲಾರೂ ಬದಲಾಯ್ಸಿದ್ರು. ನಾನು ಬಿಟ್ಟೆ. ಮತ್ತ ಹೋದಾಗ ಬೇಕಾಗ್ತಾವಲ್ರಿ."

ನೋಟುಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ತಾನೇ ಹೇಳಿದಳು. "ಅತ್ತಿ ತೀರಿಕೊಂಡ ಮ್ಯಾಲೆ ಏಜೆಂಟನ್ನ ಕೇಳ್ದೆ. ನಿನ್ನ ವಯಸ್ಸು ದಾಟ್ಯದ ಅಂದ."

ಲೆಕ್ಕ ಬರೆದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ನೋಟು ನಿನ್ನಲ್ಲಿಯೇ ಇರಲಮ್ಮ, ಬೆಂಗಳೂರಿನಲ್ಲಿಯೇ ಕೊಳ್ಳುತ್ತೇನೆ ಎಂದು ಎದ್ದೆ.

"ಕೂಡ್ರಿ ಸರ್. ಸಾವಿತ್ರಕ್ಕನ ಮನಿಗೆ ಹೋಗಾಕ ಅಲ್ಲೇನು?"

ಐದುನೂರರ ನೋಟುಗಳನ್ನು ನಾನು ಬರೆದಿದ್ದ ದರಕ್ಕೇ ಕೊಟ್ಟಳು. ನೂರರ ನೋಟಿಗೆ ಮಾತ್ರ ಹಣ ಮುಟ್ಟಲಿಲ್ಲ.

"ಭಾನುವಾರ ಸಮುದ್ರದ ದಂಡ್ಯಾಗ ಕುಂತು ದಾಲ್‌ಪುರಿ ತಿಂತಿದ್ವಿ, ನಮ್ಮ ಸ್ವಂತ ಪಗಾರದಾಗ. ಯಾರನ್ನೂ ಕೇಳಂಗಿರಲಿಲ್ಲ. ಇದರಾಗ ನೀವು ತಿನ್ರಿ."

ಅಲ್ಲಿಂದ ಫೋಟೋ ಕಳುಹಿಸಲೇ ಎಂದೆ.

"ಬ್ಯಾಡ್ರಿ... ನೋಡಿದ್ರ ಹೊಲಿಗಿ ಮ್ಯಾಲೆ ಕೈ ಓಡಾದಿಲ್ಲ."

ಇಂದು ಭಾನುವಾರ. ಸಾವಿತ್ರಿಯೊಂದಿಗೆ ಸಮುದ್ರದ ದಂಡೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ದಾಲ್‌ಪುರಿಯೆಂದರೆ ಬೇಳೆ ತುಂಬಿದ ತೆಳ್ಳನೆಯ ರೊಟ್ಟಿ. ದಂಡೆಯ ಗಾಡಿಯೊಂದರಲ್ಲಿ ಎರಡು ಕೊಂಡೆ. ಹಳೆಯ ನೋಟು ನಡೆಯುವುದೋ ಇಲ್ಲವೋ ಎಂಬ ಅಳುಕು ನನಗೆ. ಎಂಟು ವರ್ಷ ಪಾಸ್‌ಪೋರ್ಟಿನೊಳಗಿದ್ದ ಆ ನೂರರ ನೋಟನ್ನು ಗಾಡಿಯವನು ತಿರುಗಿಸಿಯೂ ನೋಡದೆ ಡಬ್ಬಿಗೆ ಹಾಕಿಕೊಂಡ.

"ರತ್ನಿ ಬಂದ್ರ ಮೂರು ತಿಂತಿದ್ಲಣ್ಣ, ಖಾರ ಜಾಸ್ತಿ ಹಾಕಿಸ್ಕೊಂಡು" ಎಂದಳು ಸಾವಿತ್ರಿ.

ಗಾಡಿಯವನು ಕೊಟ್ಟ ಚಿಲ್ಲರೆ ಅಂಗೈಯಲ್ಲಿದೆ.

ಈ ನಾಣ್ಯಗಳನ್ನು ಒಯ್ದು ರತ್ನಮ್ಮನಿಗೆ ಕೊಡುವುದು ಸರಿಯೋ, ಇಲ್ಲಿಯೇ ಖರ್ಚು ಮಾಡಿಬಿಡುವುದು ಸರಿಯೋ... ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?