ರಸ್ತೆ ಕಡೆ ಬಾಗಿಲಿಟ್ಟ ಗುಡಿ

ನಾಲೆಗೆ ನೀರು ಬಂದು ಇನ್ನೂ ಬಹಳ ವರ್ಷಗಳಾಗಿರದ ಕಾಲ ಅದು. ಪೋತ್ನಾಳದಿಂದ ಮಾನ್ವಿಗೆ ಹೋಗುವ ರಸ್ತೆಯ ಎರಡೂ ಬದಿ ಜೋಳ, ಹತ್ತಿ ಬೆಳೆಯುತ್ತಿದ್ದ ಕರಿಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದವು. ಮಳೆ ಬಿದ್ದರೆ ಆ ಮಣ್ಣು ಚಪ್ಪಲಿಯನ್ನು ಕಾಲಿಂದ ಕಿತ್ತು ತಾನೇ ಇಟ್ಟುಕೊಳ್ಳುತ್ತಿತ್ತು. ಬಸ್ಸುಗಳು ಆಗ ಕಡಿಮೆ, ಆದರೆ ಕೈ ತೋರಿಸಿದಲ್ಲಿ ನಿಲ್ಲುತ್ತಿದ್ದವು.

ನಾವು ಗುಂಟೂರು ಕಡೆಯಿಂದ ಬಂದವರು. ಅಲ್ಲಿದ್ದ ತುಂಡು ನೆಲ ಮಾರಿ, ಇಲ್ಲಿ ಅದರ ನಾಲ್ಕು ಪಟ್ಟು ನೆಲ ಹಿಡಿದು, ನಮ್ಮಂಥದೇ ಹದಿನೈದಿಪ್ಪತ್ತು ಮನೆಯವರು ರಸ್ತೆಯಿಂದ ಕೂಗಳತೆಯ ದೂರದಲ್ಲಿ ಗುಡಿಸಲು ಹಾಕಿದ್ದೆವು. ಸುತ್ತಲ ಊರಿನವರು ಅದನ್ನು ‘ಕ್ಯಾಂಪು’ ಎನ್ನುತ್ತಿದ್ದರು. ಎಲ್ಲರೂ ಕ್ರೈಸ್ತರು. ಮನೆಯಲ್ಲಿ ತೆಲುಗು. ಅಪ್ಪನನ್ನು ನಾವು ‘ನಾನ್ನ’ ಎಂದು ಕರೆಯುತ್ತಿದ್ದೆವು. ನನ್ನನ್ನು ಮೈಲಿ ದೂರದ ಊರಿನ ಕನ್ನಡ ಶಾಲೆಗೆ ಮೂರನೆಯ ಇಯತ್ತೆಗೆ ಹಾಕಿದರು. ಕನ್ನಡದ ಅಕ್ಷರಗಳು ನನಗೆ ತಲೆಕಟ್ಟು ಬದಲಿಸಿಕೊಂಡ ನೆಂಟರ ಹಾಗೆ ಕಂಡವು, ಬೇಗ ಒಲಿದವು. ಮಾತು ಮಾತ್ರ ಬಾಯಿಗೆ ಬರಲು ಹೆದರುತ್ತಿತ್ತು. ಆದರೂ ನಮ್ಮ ಮನೆಯಲ್ಲಿ ಕನ್ನಡ ಬಲ್ಲವಳೆಂದರೆ ನಾನೊಬ್ಬಳೇ.

ನನಗೊಬ್ಬ ತಮ್ಮನಿದ್ದ. ಬಾಲಶೌರಿ ಎಂಬುದು ಪಾದ್ರಿಗಳಿಟ್ಟ ಹೆಸರು. ನಮಗೆಲ್ಲ ಅವನು ಚಿನ್ನೋಡು, ಎಂದರೆ ಚಿಕ್ಕವನು. ಎರಡೂವರೆ ವರ್ಷ. ಅವನಿಗೆ ಬಸ್ಸಿನ ಹುಚ್ಚು. ದೂರದಲ್ಲಿ ಹಾರನ್ ಕೇಳಿದರೆ ಸಾಕು, ಉಣ್ಣುತ್ತಿದ್ದ ತುತ್ತು ಬಿಟ್ಟು ಬಾಗಿಲಿಗೆ ಓಡುತ್ತಿದ್ದ. ಗದ್ದೆಗಳ ಆಚೆ ಕೆಂಪು ಬಸ್ಸು ಸಣ್ಣಗೆ ಹರಿದು ಹೋಗುವವರೆಗೂ ಕೈ ಬೀಸಿ, ಅದು ಮರೆಯಾದ ಮೇಲೆ ನಮ್ಮ ಕಡೆ ತಿರುಗಿ ತಾನೇ ಓಡಿಸಿಕೊಂಡು ಬಂದವನ ಹಾಗೆ ನಗುತ್ತಿದ್ದ.

ಆ ಮಳೆಗಾಲದಲ್ಲಿ, ನಾಟಿ ಮುಗಿದ ವಾರ, ಅವನಿಗೆ ಜ್ವರ ಬಂತು. ನಾನ್ನ ಗೊಬ್ಬರ ತರಲು ರಾಯಚೂರಿಗೆ ಹೋದವರು ಮಳೆಗೆ ಅಲ್ಲೇ ಸಿಕ್ಕಿಕೊಂಡಿದ್ದರು. ಕ್ಯಾಂಪಿನಿಂದ ರಸ್ತೆವರೆಗೆ ಮೊಣಕಾಲುದ್ದ ಕೆಸರು. ಅಮ್ಮ ತುಳಸಿ, ಮೆಣಸಿನ ಕಷಾಯ ಕುಡಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಇವತ್ತು ಇಳಿಯುತ್ತದೆ ನಾಳೆ ಇಳಿಯುತ್ತದೆ ಎಂದು ನಾಲ್ಕು ದಿನ ಕಾದಳು. ಐದನೆಯ ಬೆಳಿಗ್ಗೆ ಮಗುವಿನ ಕೈಕಾಲು ಸೆಟೆದುಕೊಂಡವು. ಅಮ್ಮ ಅವನನ್ನು ಸೀರೆಯಲ್ಲಿ ಸುತ್ತಿಕೊಂಡು, ನನ್ನನ್ನು ಕರೆದುಕೊಂಡು, ಕೆಸರು ತುಳಿಯುತ್ತ ರಸ್ತೆಗೆ ಬಂದಳು. “ನೀನು ಬಾ, ನಿನಗೆ ಅವರ ಮಾತು ಬರುತ್ತದೆ” ಎಂದಳು. ಬಸ್ಸು ನಿಂತಿತು. ಚಿನ್ನೋಡು ಅದರೊಳಗೆ ಅಮ್ಮನ ಮಡಿಲಲ್ಲಿದ್ದ, ಆದರೆ ಅದನ್ನು ನೋಡಲಿಲ್ಲ.

ಮಾನ್ವಿಯ ಆಸ್ಪತ್ರೆಯಲ್ಲಿ ಡೆಟಾಲ್ ವಾಸನೆ, ಒದ್ದೆ ಛತ್ರಿಗಳ ವಾಸನೆ. ಡಾಕ್ಟರಮ್ಮ ಮಗುವಿನ ಕಣ್ಣುರೆಪ್ಪೆ ಎತ್ತಿ ನೋಡುತ್ತ ನನ್ನನ್ನು ಕೇಳಿದರು, “ಜ್ವರ ಬಂದು ಎಷ್ಟ್ ದಿವಸಾತು?”

ಪ್ರಶ್ನೆ ನನಗೆ ಅರ್ಥವಾಗಿತ್ತು. ನಾಲ್ಕು ದಿನ ಎಂದರೆ ಅಮ್ಮನನ್ನು ಬೈಯುತ್ತಾರೆ ಎನಿಸಿತು. “ನಿನ್ನಿಯಿಂದ್ರೀ” ಎಂದುಬಿಟ್ಟೆ.

ಮಾರನೆಯ ದಿನ ಮಧ್ಯಾಹ್ನ ಚಿನ್ನೋಡು ತೀರಿಕೊಂಡ. ಜ್ವರ ಮಿದುಳಿಗೆ ಏರಿತ್ತಂತೆ. ಆ ವರ್ಷ ಸುತ್ತಲ ಊರುಗಳಲ್ಲಿಯೂ ಕೆಲವು ಮಕ್ಕಳು ಹಾಗೇ ಹೋದರು ಎಂದು ಆಮೇಲೆ ಕೇಳಿದೆ. ಆಗ ಕೇಳಿದ್ದರೂ ನನಗೆ ಅದರಿಂದ ಉಪಯೋಗವಿರಲಿಲ್ಲ. ನಾನು ಹೇಳಿದ ಒಂದು ಮಾತಿನಿಂದ ಔಷಧಿ ತಪ್ಪಾಯಿತು, ತಮ್ಮ ಹೋದ, ಇಷ್ಟೇ ನನ್ನ ಲೆಕ್ಕ. ಯಾರಿಗೂ ಹೇಳಲಿಲ್ಲ.

ಅವನನ್ನು ಮಣ್ಣು ಮಾಡಲು ಜಾಗವಿರಲಿಲ್ಲ. ನಮ್ಮ ನೆಲವೆಲ್ಲ ನೀರು ನಿಂತ ಗದ್ದೆ, ಒಂದು ಮೊಳ ತೋಡಿದರೆ ನೀರೇ ಬರುತ್ತಿತ್ತು. ಊರಿನಲ್ಲಿ ಒಂದೊಂದು ಜಾತಿಗೆ ಒಂದೊಂದು ಸ್ಮಶಾನ. ನಾವು ಯಾರ ಪೈಕಿ ಎಂದು ಊರ ಹಿರಿಯರಿಗೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಭತ್ತದ ವ್ಯಾಪಾರಿ ಖಾಸಿಂ ಸಾಬರು ಸೈಕಲ್ ತಳ್ಳಿಕೊಂಡು ಬಂದರು. ರಸ್ತೆಯ ಮಗ್ಗುಲಲ್ಲಿ, ನೀರು ಹತ್ತದ ದಿಬ್ಬದ ಮೇಲೆ, ಒಂದು ಎಳೆ ಬೇವಿನ ಗಿಡವಿದ್ದ ಅವರ ಚೂರು ನೆಲವಿತ್ತು.

“ಅಲ್ಲಿ ಮಲಗಿಸ್ರಿ. ಕೂಸಿಗಿ ಎಷ್ಟ್ ಜಾಗ ಬೇಕ್ರೀ?” ಎಂದರು. ಆಮೇಲೆ, ಸುದ್ದಿ ಕೇಳಿ ರಾಯಚೂರಿನಿಂದ ಬಂದಿದ್ದ ನಮ್ಮ ನಾನ್ನನ ಹೆಗಲ ಮೇಲೆ ಕೈಯಿಟ್ಟರು.

ಅಂದಿನಿಂದ ಅಮ್ಮ ಹೆಚ್ಚುಕಡಿಮೆ ಮೂಕಿಯಾದಳು. ಅಡುಗೆ ಮಾಡುತ್ತಿದ್ದಳು, ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಮಾತು ಮಾತ್ರ ‘ಹೂಂ’, ‘ಉಹೂಂ’. ಮಧ್ಯಾಹ್ನ ಕೆಲಸ ಮುಗಿದ ಕೂಡಲೇ ದಿಬ್ಬಕ್ಕೆ ಹೋಗಿ ಆ ಪುಟ್ಟ ಮಣ್ಣುಗುಡ್ಡೆಯ ಪಕ್ಕ ರಸ್ತೆಗೆ ಮುಖಮಾಡಿ ಕೂರುತ್ತಿದ್ದಳು. ಶಾಲೆ ಬಿಟ್ಟು ಬಂದು ನಾನೂ ಸ್ವಲ್ಪ ದೂರ ಕೂರುತ್ತಿದ್ದೆ. ಬಸ್ಸಿಗೆ ಕಾಯುತ್ತಿದ್ದಾಳೆಂದು ತಿಳಿದು ಡ್ರೈವರ್ ನಿಲ್ಲಿಸುತ್ತಿದ್ದ. ಕಂಡಕ್ಟರ್ ಬಾಗಿಲಿಂದ ಬಗ್ಗಿ, “ಯವ್ವಾ, ಬರ್ತೀರೇನ್ರೀ?” ಎನ್ನುತ್ತಿದ್ದ. ಅಮ್ಮ ತಲೆಯಾಡಿಸುತ್ತಿದ್ದಳು. ಹತ್ತಾರು ಸಲ ಹೀಗಾದ ಮೇಲೆ ನಾನೇ ಎದ್ದು ಹೋಗಿ ಹೇಳಿದೆ, “ನಮ್ಮ ತಮ್ಮ ಇಲ್ಲಿ ಮಲಗ್ಯಾನ್ರೀ. ಅದಕ್ಕ ಕುಂತಾಳ.” ಕಂಡಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮುಂದೆ ಅವನ ಬಸ್ಸು ನಿಲ್ಲಲಿಲ್ಲ, ಆದರೆ ಆ ಜಾಗದಲ್ಲಿ ನಿಧಾನವಾಗುತ್ತಿತ್ತು.

ಸುಗ್ಗಿ ಮುಗಿಯುವಾಗ ನಾನ್ನ, “ವಾಪಸ್ ಹೋಗೋಣ. ಈ ಮಣ್ಣು ನಮಗೆ ಆಗಿಬರಲಿಲ್ಲ” ಎಂದರು. ಅಮ್ಮ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಎದ್ದು ದಿಬ್ಬಕ್ಕೆ ಹೋದಳು.

ಬೇಸಿಗೆ ಬಂತು. ನಾಲೆ ಬಂದಾಯಿತು, ಗದ್ದೆಗಳು ಅಂಗೈಯಷ್ಟಗಲ ಬಿರಿದವು. ಎಳೆ ಬೇವು ಕೊಡುವ ನೆರಳು ಒಂದು ಸೆರಗಿನಷ್ಟು. ಅಮ್ಮ ಆ ಬಿಸಿಲಲ್ಲೂ ಕೂರುವುದು ಬಿಡಲಿಲ್ಲ. ಆಗಲೇ ಕಾಲುವೆಯ ಸೇತುವೆಗೆ ಕಲ್ಲು ಒಡೆಯಲು ಹನುಮಂತಪ್ಪ ಎಂಬವನು ಹೆಂಡತಿ ಯಲ್ಲಮ್ಮನೊಂದಿಗೆ ಬಂದು ರಸ್ತೆಯ ಆಚೆ ಬದಿ ಗೋಣಿತಟ್ಟಿನ ಗುಡಿಸಲು ಹಾಕಿದ. ಬೆಳಗಿನಿಂದ ಸಂಜೆವರೆಗೆ ಚಾಣದ ಮೇಲೆ ಸುತ್ತಿಗೆಯ ಟಣ್ ಟಣ್. ಒಡೆದ ಕಲ್ಲಿನಿಂದ ಬೆಂಕಿಕಡ್ಡಿ ಗೀರಿದಂಥ ವಾಸನೆ ಬರುತ್ತಿತ್ತು. ಚಕ್ಕೆಗಳನ್ನು ಆರಿಸಿ ನಾನು ಐದು ಕಲ್ಲಿನ ಆಟ ಆಡುತ್ತಿದ್ದೆ.

ಒಂದು ಮಧ್ಯಾಹ್ನ ಯಲ್ಲಮ್ಮ ರಸ್ತೆ ದಾಟಿ ಬಂದು, ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಟ್ಟೆಯ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಅದರ ಮೇಲೊಂದು ಮುದ್ದೆ ಕಡುಹಸಿರು ಪಲ್ಯ.

“ತಿನ್ನವ್ವಾ. ಒಣಗಿ ಹೋಗಾಕತ್ತೀಯಲ್ಲ” ಎಂದಳು.

ಅಮ್ಮ ಬೇಡವೆನ್ನಲು ಕೈ ಎತ್ತಿದವಳು ವಾಸನೆ ಹಿಡಿದು ನಿಂತಳು. ಚೂರು ಮುರಿದು ಬಾಯಿಗಿಟ್ಟುಕೊಂಡಳು. “ಗೋಂಗೂರ” ಎಂದಳು. ಯಲ್ಲಮ್ಮ ತಲೆಯಾಡಿಸಿ, “ಪುಂಡಿಪಲ್ಯ” ಎಂದಳು. “ಗೋಂಗೂರ”. “ಪುಂಡಿಪಲ್ಯ ಬೇ!” ಎರಡೂ ಒಂದೇ ಸೊಪ್ಪು. ನಮ್ಮ ಊರಿನ ಹುಳಿ ಈ ಕರಿಮಣ್ಣಿನಲ್ಲೂ ಬೆಳೆಯುತ್ತದೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಇಡೀ ರೊಟ್ಟಿ ತಿಂದಳು. ತಿನ್ನುತ್ತಲೇ ಕಣ್ಣಿಂದ ನೀರು ಸುರಿಯಿತು. ಯಲ್ಲಮ್ಮ ನೀರಿನ ತಂಬಿಗೆ ಹತ್ತಿರ ಸರಿಸಿ ಕೂತಳು.

ಎರಡು ದಿನ ಬಿಟ್ಟು ಹನುಮಂತಪ್ಪ ನಾನ್ನನನ್ನು ರಸ್ತೆಯಲ್ಲಿ ತಡೆದ. ದುಭಾಷಿ ನಾನೇ.

“ನಿಮ್ಮ ಅಪ್ಪಗ ಹೇಳವ್ವಾ. ಆ ತಾಯಿ ದಿನಾ ಬಿಸಲಾಗ ಕುಂದ್ರತಾಳ. ನನ್ನ ಕಣ್ಣೀಗಿ ನೋಡಾಕ ಆಗವಲ್ದು. ನಾಕು ಕಲ್ಲು ನಿಂದ್ರಸ್ತೀನಿ, ಮ್ಯಾಲೊಂದು ಹಾಸಗಲ್ಲು ಹಾಕ್ತೀನಿ. ನೆಳ್ಳಾರ ಆಗ್ತದ.”

ಸಂಜೆ ಕ್ಯಾಂಪಿನಲ್ಲಿ ಮಾತಾಯಿತು. ಕ್ಯಾಂಪಿನ ಹಿರಿಯ ಇನ್ನಯ್ಯ ತಾತ, “ನಾಲ್ಕು ಕಲ್ಲು ನಿಲ್ಲಿಸುವುದಾದರೆ ನಾಲ್ಕು ಗೋಡೆಯನ್ನೇ ಎತ್ತೋಣ. ಬಂದು ಮೂರು ವರ್ಷವಾಯಿತು, ಮಂಡಿಯೂರಲು ಒಂದು ಜಾಗವಿಲ್ಲ ನಮಗೆ” ಎಂದರು. ನೆಲ ಖಾಸಿಂ ಸಾಬರದು. ನಾನು, ನಾನ್ನ ಅವರ ಅಂಗಡಿಗೆ ಹೋಗಿ ಕೇಳಿದೆವು.

ಅವರು ತಕ್ಕಡಿಯಿಂದ ತಲೆ ಎತ್ತದೆ, “ನೆಳ್ಳಿಗಿ ಯಾರ್ನ ಕೇಳ್ತೀರಿ? ಹಾಕ್ಕೋರಿ. ಬೇಟಿ, ಬೆಲ್ಲ ತಿಂತೀಯೇನು?” ಎಂದರು.

ಕ್ಯಾಂಪಿನವರೆಲ್ಲ ಸರದಿಯ ಮೇಲೆ ಕೆಲಸಕ್ಕೆ ನಿಂತರು. ಗುಡ್ಡದಿಂದ ಬಂಡಿಯಲ್ಲಿ ಕಲ್ಲು ಬಂದವು. ಹನುಮಂತಪ್ಪ ಒಂದೊಂದು ಕಲ್ಲನ್ನೂ ತಟ್ಟಿ, ಕಿವಿಗೊಟ್ಟು, ಇದು ಒಳಗಿನಿಂದ ಬಿರಿದದ್ದು ಇದು ಗಟ್ಟಿ ಎಂದು ಬೇರೆ ಮಾಡುತ್ತಿದ್ದ. ಮೂರನೆಯ ದಿನ ಅಮ್ಮ ಎದ್ದು, ಸಿಂಬಿ ಸುತ್ತಿ, ಯಲ್ಲಮ್ಮನ ಹಿಂದೆ ಕಲ್ಲು ಹೊರತೊಡಗಿದಳು. ಯಾರೂ ಬೇಡವೆನ್ನಲಿಲ್ಲ.

ತಮ್ಮನ ಮಣ್ಣುಗುಡ್ಡೆ ಒಳಗೆ ಬರುವಂತೆ ಹಾಕಿದ ತಳಪಾಯ ಮುಗಿದಾಗ ಜಗಳ ಹುಟ್ಟಿತು. ಬಾಗಿಲು ಎಲ್ಲಿ? ಇನ್ನಯ್ಯ ತಾತ, ಕ್ಯಾಂಪಿನ ಕಡೆಗೇ ಇರಬೇಕು ಎಂದರು. ರಸ್ತೆ ಕಡೆ ಇಟ್ಟರೆ ಧೂಳು, ದನ, ನಾಯಿ ಒಳಗೆ ಬರುತ್ತವೆ, ಪೂಜೆಯ ನಡುವೆ ಲಾರಿ ಹಾರನ್ನು. ಕೆಲವರು ತಲೆದೂಗಿದರು, ಕೆಲವರು ಇಲ್ಲವೆಂದರು. ದನಿಗಳು ಏರಿದವು. ಹನುಮಂತಪ್ಪ ಸುತ್ತಿಗೆ ಕೆಳಗಿಟ್ಟು ನನ್ನನ್ನು ಕೇಳಿದ, “ಏನಂತಾರವ್ವಾ? ಬಾಗಲಾ ಯಾ ಕಡಿ ಬಿಡ್ಲಿ?”

ಅಷ್ಟರಲ್ಲಿ ಅಮ್ಮ ತಲೆಯ ಮೇಲಿನ ಕಲ್ಲು ಇಳಿಸಿದಳು. ಎಲ್ಲರ ಮುಂದೆ, ಎಂಟು ತಿಂಗಳ ಮೇಲೆ, ಇಡೀ ಒಂದು ಮಾತು ಆಡಿದಳು.

“ರಸ್ತೆ ಕಡೆಗೇ ಇರಲಿ. ಚಿನ್ನೋಡು ಬಸ್ಸು ನೋಡುತ್ತಾನೆ.”

ಅಮ್ಮ ನನ್ನ ಕಡೆ ತಿರುಗಿ, “ನೀನು ಹೇಳು ಅವನಿಗೆ. ಸರಿಯಾಗಿ ಹೇಳು” ಎಂದಳು.

ಅಮ್ಮ ನನ್ನ ಬಾಯಿಗೆ ಮತ್ತೆ ಒಂದು ಮಾತು ಕೊಟ್ಟಿದ್ದಳು. ತಡೆದು ತಡೆದು ಹೇಳಿದೆ: “ಬಾಗಲಾ ರೋಡ್ ಕಡಿ ಇಡ್ರಿ. ನಮ್ಮ ತಮ್ಮ ಬಸ್ ನೋಡ್ತಾನಂತ್ರೀ.”

ಹನುಮಂತಪ್ಪ ದಾರ ಹಿಡಿದು ರಸ್ತೆ ಕಡೆಯ ಗೋಡೆಯ ನಡುವೆ ಎರಡು ಗೆರೆ ಎಳೆದ. ಇನ್ನಯ್ಯ ತಾತ ಟವೆಲಿನಿಂದ ಮುಖ ಒರೆಸಿಕೊಂಡು ನೀರು ತರಲು ತಾವೇ ಕೊಡ ಎತ್ತಿದರು.

ಹಾಸುಗಲ್ಲು ಏರಿಸಿದ ಸಂಜೆ ಎಲ್ಲರೂ ಹೋದ ಮೇಲೆ ಅಮ್ಮ ಹೊಸ ಹೊಸ್ತಿಲ ಮೇಲೆ ಕೂತಿದ್ದಳು. ಕಲ್ಲು ಇನ್ನೂ ಬಿಸಿಯಿತ್ತು. ನಾನು ಹತ್ತಿರ ಹೋಗಿ ಅಳುತ್ತಲೇ ಹೇಳಿಬಿಟ್ಟೆ. “ಅಮ್ಮಾ, ಡಾಕ್ಟರಮ್ಮನಿಗೆ ನಾನು ನಿನ್ನೆಯಿಂದ ಜ್ವರ ಎಂದು ಹೇಳಿದೆ. ಸುಳ್ಳು ಹೇಳಿದೆ.”

ಅಮ್ಮ ನನ್ನನ್ನೇ ನೋಡಿದಳು. “ಅದನ್ನು ಇಷ್ಟು ದಿನ ಹೊತ್ತುಕೊಂಡು ತಿರುಗಿದೆಯಾ?” ಎಂದಳು. “ಆಕೆ ನಿನ್ನ ಮಾತು ಕೇಳಿ ನನ್ನ ಮುಖ ನೋಡಿದಳು. ನೀನು ತಲೆ ತಗ್ಗಿಸಿದ್ದೆ, ಆಕೆ ಬೆರಳು ಎತ್ತಿ ಸನ್ನೆಯಲ್ಲೇ ಎಷ್ಟು ಎಂದು ಕೇಳಿದಳು. ನಾನು ನಾಲ್ಕು ತೋರಿಸಿದೆ. ಆಕೆಗೆ ಗೊತ್ತಿತ್ತು.” ಸೆರಗಿನಿಂದ ನನ್ನ ಕಣ್ಣೊರೆಸಿ, “ಕಾಯುತ್ತ ಕೂತವಳು ನಾನು. ಮಾತಾಡಲು ಬಾಯಿ ತೆರೆದರೆ ಅದೇ ಬರುತ್ತದೆಂದು ಮುಚ್ಚಿಕೊಂಡಿದ್ದೆ” ಎಂದಳು. ನನ್ನನ್ನು ಎಳೆದು ಮಡಿಲಲ್ಲಿ ಒರಗಿಸಿಕೊಂಡಳು. ಅವಳ ಸೀರೆಗೆ ಕಲ್ಲಿನ ಪುಡಿ, ಬೆವರು, ಪುಂಡಿಸೊಪ್ಪಿನ ವಾಸನೆಯಿತ್ತು.

ವಾಪಸ್ ಹೋಗುವ ಮಾತನ್ನು ನಾನ್ನ ಮತ್ತೆ ಎತ್ತಲಿಲ್ಲ. ರಾಯಚೂರಿನಿಂದ ಪಾದ್ರಿಗಳು ಬಸ್ಸಿನಲ್ಲಿ ಬಂದು ಪೂಜೆ ಮಾಡಿದರು. ಹತ್ತು ಜನ ಕೂತರೆ ತುಂಬುವ ಗುಡಿ. ಉಳಿದವರು ರಸ್ತೆವರೆಗೆ ನಿಂತರು. ಖಾಸಿಂ ಸಾಬರು ಬುಟ್ಟಿ ತುಂಬ ಬಾಳೆಹಣ್ಣು ತಂದಿದ್ದರು. ಹನುಮಂತಪ್ಪ, ಯಲ್ಲಮ್ಮ ಒಳಗೆ ಬರಲು ಹಿಂಜರಿದು ಹೊರಗೇ ನಿಂತಾಗ ಅಮ್ಮ ಯಲ್ಲಮ್ಮನ ಕೈ ಹಿಡಿದು ಕರೆದುಕೊಂಡು ಬಂದು ತನ್ನ ಪಕ್ಕ ಕೂರಿಸಿಕೊಂಡಳು. “ಬಾ ಬೇ” ಎಂದಳು. ಅಮ್ಮ ಆಡಿದ ಮೊದಲ ಕನ್ನಡ ಅದು. ಮಳೆಗೆ ಮುಂಚೆ ಸೇತುವೆಯ ಕೆಲಸ ಮುಗಿಯಿತು. ಒಂದು ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಹನುಮಂತಪ್ಪನ ಗುಡಿಸಲಿದ್ದ ಜಾಗದಲ್ಲಿ ಮೂರು ಒಲೆಕಲ್ಲು ಮಾತ್ರ ಇದ್ದವು.

ನಾನು ಮುಂದೆ ಕನ್ನಡದ ಟೀಚರಾದೆ, ರಾಯಚೂರಿನಲ್ಲಿ ಬದುಕು ಕಳೆದೆ. ಅಮ್ಮ, ನಾನ್ನ ಇಬ್ಬರೂ ಈಗಿಲ್ಲ. ಹೋದ ವರ್ಷ ಆ ಕಡೆ ಹೋಗಿದ್ದೆ. ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಮುಂದಿನ ಸ್ಟಾಪಿನಲ್ಲಿಳಿದು ಹಿಂದಕ್ಕೆ ನಡೆದೆ. ಕ್ಯಾಂಪು ಈಗ ಮಾಳಿಗೆ ಮನೆಗಳ ಊರು, ನಡುವೆ ದೊಡ್ಡ ಚರ್ಚು. ರಸ್ತೆ ಬದಿಯ ಗುಡಿಗೆ ಸಿಮೆಂಟು ಬಳಿದು ತಿಳಿನೀಲಿ ಬಣ್ಣ ಹಚ್ಚಿದ್ದಾರೆ, ಕಲ್ಲು ಕಾಣುವುದಿಲ್ಲ. ಗಿಡಗಳಿಗೆ ನೀರು ಹಾಕುತ್ತಿದ್ದ ಹುಡುಗಿಯನ್ನು ಇದನ್ನು ಕಟ್ಟಿದವರು ಯಾರು ಎಂದು ಕೇಳಿದೆ.

“ನಮ್ಮ ತಾತಂದಿರು ಕಟ್ಯಾರ್ರೀ” ಎಂದಳು, ಈ ನೆಲದವರ ಕನ್ನಡದಲ್ಲಿ, ಒಂದಿಷ್ಟೂ ತಡವರಿಸದೆ.

ಅದೂ ಸುಳ್ಳಲ್ಲ. ಹನುಮಂತಪ್ಪನ ಹೆಸರು ಹೇಳಿದೆ. ಅವಳು ಕೇಳಿರಲಿಲ್ಲ. ಅವನು ಯಾವ ಊರಿನವನು ಎಂದು ಅವಳು ಕೇಳಿದಳು. ಅದು ನನಗೂ ಗೊತ್ತಿರಲಿಲ್ಲ. ಆ ಬೇಸಿಗೆಯಿಡೀ ನಮ್ಮವರ ಮಾತನ್ನು ಅವನಿಗೆ, ಅವನ ಮಾತನ್ನು ನಮ್ಮವರಿಗೆ ಮುಟ್ಟಿಸಿದವಳು ನಾನು. ಕಲ್ಲು, ಸುಣ್ಣ, ನೀರು, ಬಾಗಿಲು ಎಲ್ಲ ಕೇಳಿದ್ದೆ. ನಿಮ್ಮೂರು ಯಾವುದು, ನಿಮಗೆ ಮಕ್ಕಳೆಷ್ಟು ಎಂದು ಒಂದು ಸಲವೂ ಕೇಳಿರಲಿಲ್ಲ. ಕೇಳಲು ಅಂದು ನನಗೆ ಬೇಕಾದಷ್ಟು ಕನ್ನಡ ಬರುತ್ತಿತ್ತು.